ಸೋತವರಿಗೂ ಇನ್ನೊಂದು ಪಂದ್ಯ ಇರಲಿ

ಲೆಬನಾನ್ ಎದುರು ನಮ್ಮ ಹುಡುಗರು 0–2ರಲ್ಲಿ ಸೋತ ರಾತ್ರಿ ನನಗೊಂದು ಫೋನ್ ಬಂತು. 2025ರ ನವೆಂಬರ್ 28, ಶುಕ್ರವಾರ. ಮಾಡಿದವನು ನನ್ನ ಹಳೇ ವಿದ್ಯಾರ್ಥಿ. ಈಗ ಕುಶಾಲನಗರದಿಂದ ಮೈಸೂರಿಗೆ ಶುಂಠಿ, ತರಕಾರಿ ಹೊಡೆಯುವ ಪಿಕಪ್ ಓಡಿಸುತ್ತಾನೆ.

"ಸಾರ್, ಮುಗೀತಲ್ಲ ನಮ್ದು?"

"ಎಲ್ಲಿ ಮುಗೀತು ಮಾರಾಯ, ಭಾನುವಾರ ಇರಾನ್ ಇದೆ."

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಓ, ಇವರಿಗೆ ಸೋತ ಮೇಲೂ ಆಟ ಇದೆಯಾ!" ಅಂದ.

ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ವಿಶ್ವಕಪ್ ಬಂದರೆ ನಿದ್ದೆಗೆಟ್ಟು ನೋಡುವವನು, ಯಾವ ಗುಂಪಿನಲ್ಲಿ ಯಾರಿಗೆ ಎಷ್ಟು ಅಂಕ ಎಂದು ಬಾಯಲ್ಲೇ ಲೆಕ್ಕ ಹಾಕುವವನು. ಆ ಮಾತು ಚುಚ್ಚಿದ್ದು ನನಗೆ. ಹದಿನಾಲ್ಕು ವರ್ಷದಿಂದ ಅವನು ನನ್ನ ಲೆಕ್ಕದಲ್ಲಿ ಬಾಕಿ ಇಟ್ಟುಕೊಂಡಿದ್ದ ಒಂದು ಪ್ರಶ್ನೆ ಅದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಹಮದಾಬಾದಿನ ಮಾತು. 17 ವರ್ಷದೊಳಗಿನವರ ಫುಟ್ಬಾಲ್ ಏಷ್ಯಾ ಕಪ್‌ನ ಅರ್ಹತಾ ಸುತ್ತಿನಲ್ಲಿ ಭಾರತ ಇದ್ದದ್ದು 'ಡಿ' ಗುಂಪಿನಲ್ಲಿ. ಜೊತೆಗೆ ಇರಾನ್, ಲೆಬನಾನ್, ಪ್ಯಾಲೆಸ್ಟೀನ್, ಚೈನೀಸ್ ತೈಪೆ. ಪಂದ್ಯಗಳೆಲ್ಲ ಅಹಮದಾಬಾದಿನ ಏಕಾ ಅರೇನಾದಲ್ಲಿ. ಈ ಸಲ ನಿಯಮ ಬಿಗಿಯಾಗಿತ್ತು. ಹಿಂದಿನ ಕಿರಿಯರ ವಿಶ್ವಕಪ್ಪಿಗೆ ಹೋಗಿದ್ದ ಒಂಬತ್ತು ತಂಡಗಳಿಗೆ ಏಷ್ಯಾ ಕಪ್ಪಿನಲ್ಲಿ ನೇರ ಜಾಗ ಸಿಕ್ಕಿತ್ತು. ಉಳಿದ ಏಳು ಜಾಗಕ್ಕೆ ಏಳು ಗುಂಪು, ಗುಂಪಿಗೊಬ್ಬರೇ. ಎರಡನೇ ಸ್ಥಾನಕ್ಕೆ ಏನೂ ಇಲ್ಲ.

ಪ್ಯಾಲೆಸ್ಟೀನ್ ಜೊತೆ 1–1. ತೈಪೆ ಮೇಲೆ 3–1. ಲೆಬನಾನ್ ಎದುರು ಆ 0–2. ಮೂರು ಪಂದ್ಯ, ನಾಲ್ಕು ಅಂಕ. ಕೊನೆಯದು ಇರಾನ್, 2023ರ ಕಿರಿಯರ ವಿಶ್ವಕಪ್ಪಿನಲ್ಲಿ ಬ್ರೆಜಿಲನ್ನು 3–2ರಲ್ಲಿ ಮಣಿಸಿದ ದೇಶ. ಡ್ರಾ ಆದರೂ ಸಾಲದು, ಗೆಲ್ಲಲೇಬೇಕು. ನಡುವೆ ಸಿಕ್ಕಿದ್ದು ಒಂದೇ ಒಂದು ಶನಿವಾರ.

ಭಾನುವಾರ ರಾತ್ರಿ ಜಗಲಿಯಲ್ಲಿ ಕಂಬಳಿ ಹೊದ್ದು ಮೊಬೈಲಿನಲ್ಲಿ ನೋಡಿದೆ. ನಮ್ಮಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ, ಮನೆಯೆಲ್ಲ ಹಣ್ಣಿನ ವಾಸನೆ. ಮೊದಲು ಗೋಲು ಹೊಡೆದದ್ದು ಇರಾನ್. ನಮ್ಮವರ ತಲೆ ತಗ್ಗುತ್ತದೆ ಎಂದುಕೊಂಡೆ, ತಗ್ಗಲಿಲ್ಲ. ವಿರಾಮಕ್ಕೆ ಮುಂಚೆ ಪೆನಾಲ್ಟಿ ಸಿಕ್ಕಿತು, ದಲ್ಲಾಲ್ಮುವೊನ್ ಗಾಂಗ್ತೆ ಸಮ ಮಾಡಿದ. ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಗುನ್ಲೇಬಾ ವಾಂಗ್ಖೇರಕ್ಪಂ ಎರಡನೆಯದು ಹೊಡೆದ. ಆಮೇಲಿನ ಅರ್ಧ ಗಂಟೆ ಎಷ್ಟು ಉದ್ದ ಇತ್ತು ಅಂದರೆ, ನನ್ನ ಹೆಂಡತಿ ಎರಡು ಸಲ ಬಂದು "ಇನ್ನೂ ಆಗಿಲ್ವಾ, ಊಟ ತಣ್ಣಗಾಯ್ತು" ಎಂದು ಹೇಳಿಹೋದಳು. 2–1. ಒಟ್ಟು ಏಳು ಅಂಕ, ಗುಂಪಿಗೆ ಮೊದಲಿಗರು, ಏಷ್ಯಾ ಕಪ್ಪಿಗೆ ಸೌದಿ ಅರೇಬಿಯಾದ ದಾರಿ ತೆರೆಯಿತು.

ಮರುದಿನ ಎಲ್ಲರೂ ಇರಾನ್ ಮೇಲಿನ ಗೆಲುವನ್ನೇ ಕೊಂಡಾಡಿದರು. ಕೊಂಡಾಡಬೇಕಾದ್ದೇ. ನಾನು ಇಪ್ಪತ್ತೊಂಬತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು, ನನ್ನ ಕಣ್ಣು ಮಾತ್ರ ಹೋದದ್ದು ಲೆಬನಾನ್ ಸಾಲಿನ ಕಡೆಗೆ. ಇದೇ ಹುಡುಗರು ನಮ್ಮ ತಾಲ್ಲೂಕು ಕ್ರೀಡಾಕೂಟ ಆಡಿದ್ದರೆ ಏನಾಗುತ್ತಿತ್ತು? ಪ್ಯಾಲೆಸ್ಟೀನ್ ಜೊತೆ 1–1 ಆದ ಕೂಡಲೇ ಪೆನಾಲ್ಟಿ ಒದೆಸುತ್ತಿದ್ದರು. ಅದರಲ್ಲಿ ಉಳಿದುಕೊಂಡಿದ್ದರೂ ಲೆಬನಾನ್ ಎದುರು ಸೋತ ಗಳಿಗೆಗೆ ಚೀಲ ಕಟ್ಟಿಸಿ ಬಸ್ ಹತ್ತಿಸುತ್ತಿದ್ದರು. ಇರಾನನ್ನು ಸೋಲಿಸಬಲ್ಲ ತಂಡ ಅದು ಅಂತ ಜಗತ್ತಿಗೆ ಬಿಡಿ, ಆ ಹುಡುಗರಿಗೇ ಗೊತ್ತಾಗುತ್ತಿರಲಿಲ್ಲ.

ಇನ್ನು ಆ ಬಾಕಿ ಪ್ರಶ್ನೆ.

2011ರ ಆಗಸ್ಟ್. ಕೊಡಗಿನ ಆಗಸ್ಟ್ ಅಂದರೆ ಗೊತ್ತಲ್ಲ, ಮಳೆ ನಿಂತರೆ ಅದೇ ಸುದ್ದಿ. ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟ, ಒಂದೇ ಮೈದಾನ. ಒಂದು ಮೂಲೆಯಲ್ಲಿ ಖೋ ಖೋ, ಇನ್ನೊಂದರಲ್ಲಿ ಥ್ರೋಬಾಲ್, ಉಳಿದ ಜಾಗದಲ್ಲಿ ಫುಟ್ಬಾಲ್. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಒಂಬತ್ತು ಗಂಟೆಗೆಲ್ಲ ತೊಳೆದುಹೋಗಿ, ಮೂಲೆಗೊಂದೊಂದು ಕಾಡುಕೋಲು ನೆಟ್ಟು ಗಡಿ ಗುರುತು ಮಾಡಿದ್ದೆವು. ನನ್ನ ತಂಡದ ಹನ್ನೊಂದರಲ್ಲಿ ಎಂಟು ಜನ ತೋಟದ ಲೈನ್ ಮನೆಯ ಮಕ್ಕಳು. ಬೂಟು ಇದ್ದದ್ದು ಐವರಿಗೆ. ಈಗ ಪಿಕಪ್ ಓಡಿಸುವವನು ಆಗ ಗೋಲ್‌ಕೀಪರ್, ಹತ್ತನೇ ಕ್ಲಾಸು. ಕೈಗವಸು ಇರಲಿಲ್ಲ, ಅಮ್ಮ ಕಾಫಿ ಕೊಯ್ಯುವಾಗ ಹಾಕಿಕೊಳ್ಳುತ್ತಿದ್ದ ಬಟ್ಟೆಯ ಗವಸು ತಂದಿದ್ದ, ಮಳೆಗೆ ಅದು ಒದ್ದೆಯಾಗಿ ಕೈಗೆ ಅಂಟಿಕೊಂಡಿತ್ತು.

ಎಂಟು ತಂಡ. ಚೀಟಿ ಎತ್ತಿ ನಾಕೌಟ್ ಫಿಕ್ಸ್ಚರ್. ಹದಿನೈದು ಹದಿನೈದು ನಿಮಿಷದ ಆಟ. ನಮ್ಮದು 0–0. ತಕ್ಷಣ ಪೆನಾಲ್ಟಿ. ಅವನು ಎರಡು ತಡೆದ, ಮೂರು ಬಿಟ್ಟ. ನಮ್ಮವರು ಹೊಡೆದದ್ದು ಎರಡೇ. ಹತ್ತು ಮುಕ್ಕಾಲಿಗೆ ನಮ್ಮ ವರ್ಷ ಮುಗಿದಿತ್ತು.

ಅವನು ಬಂದು ಕೇಳಿದ: "ಸಾರ್, ಇನ್ನು ಯಾವಾಗ ಆಟ?"

"ಮುಂದಿನ ವರ್ಷ" ಅಂದುಬಿಟ್ಟೆ. ಹತ್ತನೇ ಕ್ಲಾಸಿನ ಹುಡುಗನಿಗೆ ಹೈಸ್ಕೂಲಲ್ಲಿ ಯಾವ ಮುಂದಿನ ವರ್ಷ?

ನನ್ನ ಮನಸ್ಸಿನಲ್ಲಿ ಕೂತಿರುವುದು ಆ ಸೋಲಲ್ಲ, ಅದರ ನಂತರದ ಎರಡು ಗಂಟೆ. ಪಲಾವ್ ಕೂಪನ್ ಇದ್ದದ್ದು ಒಂದು ಗಂಟೆಗೆ. ಅಲ್ಲಿವರೆಗೆ ಬಸ್ಸೂ ಇಲ್ಲ, ಊಟವೂ ಇಲ್ಲ. ಒದ್ದೆ ಜೆರ್ಸಿಯಲ್ಲಿ ಹುಡುಗರು ಶಾಮಿಯಾನದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಹತ್ತು ನಿಮಿಷ ಕೂತಿರಬಹುದು. ಆಮೇಲೆ ನೋಡುತ್ತೇನೆ, ಸೋತ ಇನ್ನೊಂದು ಶಾಲೆಯ ಹುಡುಗರ ಜೊತೆ ಸೇರಿ ಬೇಲಿ ಪಕ್ಕ ನೀರಿನ ಬಾಟಲಿಗೆ ಕಲ್ಲು ತುಂಬಿ ಒದೆಯುತ್ತಿದ್ದಾರೆ. ಚಪ್ಪಲಿ ಇಟ್ಟು ಗೋಲು. ಇವರಲ್ಲಿ ನಾಲ್ವರು, ಅವರಲ್ಲಿ ನಾಲ್ವರು. ಬೆಳಗಿನ ಪಂದ್ಯಕ್ಕಿಂತ ಚೆನ್ನಾಗಿ ಆಡುತ್ತಿದ್ದರು, ಸುಳ್ಳಲ್ಲ. ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರೊಬ್ಬರು ಬಂದು, "ಏಯ್, ಸೋತವರೆಲ್ಲ ಗಲಾಟೆ ಮಾಡದೆ ಕೂತ್ಕೊಳ್ರೋ" ಎಂದು ಗದರಿ ಕೂರಿಸಿದರು.

ಅವರನ್ನು ದೂರಿ ನಾನು ಪಾರಾಗಲಾರೆ. ಮುಂದೆ ಮೂರು ವರ್ಷ ಅದೇ ಸಮಿತಿಯಲ್ಲಿ ಕೂತು ಚೀಟಿ ಮಡಚಿ, ಸ್ಟೀಲ್ ಲೋಟದಲ್ಲಿ ಅಲುಗಾಡಿಸಿ, ನಾಕೌಟ್ ಗೆರೆ ಎಳೆದವನು ನಾನೇ. ಕಾರಣ ಕೇಳಿದರೆ ಎಲ್ಲರೂ ಹೇಳುವುದನ್ನೇ ಹೇಳುತ್ತಿದ್ದೆ: ಒಂದೇ ದಿನ, ಒಂದೇ ಮೈದಾನ, ನಾಲ್ಕೂವರೆಗೆ ಕೊನೇ ಬಸ್ಸು.

ಅಂತಾರಾಷ್ಟ್ರೀಯ ಮಟ್ಟದಲ್ಲಿ ಎಳೆಯರಿಗೆ ಗುಂಪು ಪದ್ಧತಿ ಎಷ್ಟು ಉಪಕಾರ ಮಾಡಿದೆ ಎಂಬುದಕ್ಕೆ ನಮ್ಮ ಭಾರತ ತಂಡವೇ ಸಾಕ್ಷಿ. 2017ರ ಸೆಪ್ಟೆಂಬರ್, ಕಠ್ಮಂಡು, ಇದೇ ಟೂರ್ನಿಯ ಅರ್ಹತಾ ಸುತ್ತು; ಆಗ ಅದು 16 ವರ್ಷದೊಳಗಿನವರದು. ಪ್ಯಾಲೆಸ್ಟೀನ್ ಮೇಲೆ 3–0, ನೇಪಾಳದ ಮೇಲೆ ಅವರದೇ ನೆಲದಲ್ಲಿ 2–1, ಇರಾಕ್ ಜೊತೆ 0–0. ಆ ಇರಾಕ್ ಹಿಂದಿನ ವರ್ಷವಷ್ಟೇ ಗೋವಾದಲ್ಲಿ ಈ ಪ್ರಶಸ್ತಿ ಗೆದ್ದಿತ್ತು. ಹಾಗೆ ದಾಟಿದ ತಂಡ 2018ರಲ್ಲಿ ಮಲೇಷ್ಯಾದಲ್ಲಿ ಕ್ವಾರ್ಟರ್ ಫೈನಲ್ ತಲುಪಿ, ದಕ್ಷಿಣ ಕೊರಿಯಾಕ್ಕೆ 0–1ರಲ್ಲಿ ಸೋತಿತು. ಅದೊಂದು ಗೆದ್ದಿದ್ದರೆ ವಿಶ್ವಕಪ್ಪಿಗೇ ಹೋಗುತ್ತಿದ್ದರು. 2022ರಲ್ಲಿ ಸೌದಿ ಅರೇಬಿಯಾದಲ್ಲಿ ಮಾಲ್ದೀವ್ಸ್, ಕುವೈತ್, ಮ್ಯಾನ್ಮಾರ್ ಮೂರನ್ನೂ ಸೋಲಿಸಿ, ಆತಿಥೇಯರಿಗೆ 1–2ರಲ್ಲಿ ಸೋತರು. ಸೋತೂ ದಾಟಿದರು, ಎರಡನೇ ಸ್ಥಾನದವರಲ್ಲಿ ಉತ್ತಮರೆಂದು. ಕಠ್ಮಂಡುವಿನಿಂದ ಅಹಮದಾಬಾದಿನವರೆಗೆ ನಾಲ್ಕು ಸಲ ಹುಡುಗರನ್ನು ಈ ಅರ್ಹತಾ ಗುಂಪು ದಾಟಿಸಿದ ಕೋಚ್ ಒಬ್ಬರೇ, ಗೋವಾದ ಬಿಬಿಯಾನೊ ಫರ್ನಾಂಡಿಸ್.

ನಾಲ್ಕರಲ್ಲಿ ಮೂರು ಹೇಳಿದೆ. ಉಳಿದದ್ದು ತಾಷ್ಕೆಂಟ್, ಅದರ ಕಥೆ ಬೇರೆ.

2019ರ ಸೆಪ್ಟೆಂಬರಿನಲ್ಲಿ ನಮ್ಮ 16ರೊಳಗಿನ ಹುಡುಗರು ಅಲ್ಲಿ ತುರ್ಕಮೆನಿಸ್ತಾನಕ್ಕೆ ಐದು ಗೋಲು ಹೊಡೆದರು, ಬಹರೈನಿಗೆ ಐದು ಹೊಡೆದರು, ಎರಡರಲ್ಲೂ ಒಂದನ್ನೂ ಬಿಟ್ಟುಕೊಡಲಿಲ್ಲ. ಆತಿಥೇಯ ಉಜ್ಬೇಕಿಸ್ತಾನದ ಜೊತೆ 1–1. ಗುಂಪಿಗೆ ಮೊದಲಿಗರು. ಪ್ರಧಾನ ಟೂರ್ನಿ 2020ರಲ್ಲಿ ಬಹರೈನಿನಲ್ಲಿ ನಡೆಯಬೇಕಿತ್ತು. ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ಮತ್ತೆ ಅದೇ ಉಜ್ಬೇಕಿಸ್ತಾನ ಇದ್ದ ಗುಂಪು ಸಿಕ್ಕಿತ್ತು. ಕೊರೊನಾ ಬಂತು. ಮುಂದೂಡಿದರು, ಮತ್ತೆ ಮುಂದೂಡಿದರು, 2021ರ ಜನವರಿಯಲ್ಲಿ ರದ್ದೇ ಮಾಡಿದರು. ದೊಡ್ಡವರ ಟೂರ್ನಿ ಒಂದು ವರ್ಷ ತಡವಾದರೆ ಅದೇ ತಂಡ ಆಡುತ್ತದೆ; ಯೂರೋ ಕಪ್ ಆದದ್ದು ಹಾಗೇ. ಹದಿನಾರರ ಹುಡುಗ ಒಂದು ವರ್ಷ ಕಾದರೆ ಹದಿನೇಳು. ಅವನ ಜಾಗ ಹೋಯಿತು, ಯಾರೂ ಕಿತ್ತುಕೊಳ್ಳದೆ.

ಆ ತಂಡಕ್ಕೆ ಕೊನೆಗೂ ದಕ್ಕಿದ್ದು ಏನು? ತಾಷ್ಕೆಂಟಿನ ಆ ಮೂರು ಪಂದ್ಯ. ಅಷ್ಟೇ, ಆದರೆ ಅಷ್ಟು ಇತ್ತು. 'ಅರ್ಹತಾ ಸುತ್ತು' ಅನ್ನುವ ಹೆಸರಿನಿಂದಲೇ ನಾವು ಮೋಸ ಹೋಗುತ್ತೇವೆ. ಅದು ಬರೀ ಹೊಸಿಲು, ಒಳಗಿನ ಮನೆ ಇನ್ನೆಲ್ಲೋ ಇದೆ ಎಂದುಕೊಳ್ಳುತ್ತೇವೆ. ಎಷ್ಟೋ ಹುಡುಗರಿಗೆ ಆ ಹೊಸಿಲೇ ಮನೆ. ಬ್ರೂನೈಯ ಮಕ್ಕಳನ್ನು ನೆನೆಯಿರಿ. 2024ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಚೊನ್ಬುರಿಯಲ್ಲಿ ಭಾರತ ಅವರಿಗೆ ಹದಿಮೂರು ಗೋಲು ಹೊಡೆಯಿತು. ಆದರೂ ಅವರು ಮುಂದಿನ ಪಂದ್ಯಕ್ಕೆ ಮೈದಾನಕ್ಕೆ ಇಳಿದರು, ಯಾರೂ ಅವರನ್ನು ಶಾಮಿಯಾನದ ಅಂಚಿನಲ್ಲಿ ಕೂರಿಸಲಿಲ್ಲ. ಅದೇ ಗುಂಪಿನಲ್ಲಿ ನಾವು ತುರ್ಕಮೆನಿಸ್ತಾನದ ಮೇಲೆ 1–0 ಗೆದ್ದು, ಥಾಯ್ಲೆಂಡಿಗೆ 2–3ರಲ್ಲಿ ಸೋತು, ಎರಡನೇ ಸ್ಥಾನಕ್ಕೆ ನಿಂತೆವು. ಹತ್ತು ಗುಂಪಿನ ಎರಡನೆಯವರಲ್ಲಿ ಐದು ತಂಡಕ್ಕೆ ಜಾಗ ಇತ್ತು. ಆ ಐದರಲ್ಲಿ ನಾವಿರಲಿಲ್ಲ. ಹದಿಮೂರು ಗೋಲು ನಮ್ಮನ್ನು ಉಳಿಸಲಿಲ್ಲ. ನನ್ನ ಕೇಳಿದರೆ, ಆ ಹದಿಮೂರಕ್ಕಿಂತ 2–3ರ ಸೋಲಿನಿಂದಲೇ ನಮ್ಮ ಹುಡುಗರು ಹೆಚ್ಚು ಕಲಿತಿರುತ್ತಾರೆ.

ಗುಂಪು ಪದ್ಧತಿಯಲ್ಲೂ ಹುಳುಕು ಇಲ್ಲದಿಲ್ಲ. ಕೊನೆಯ ಪಂದ್ಯಕ್ಕೆ ಬರುವಷ್ಟರಲ್ಲಿ ಯಾರಿಗೋ ಡ್ರಾ ಸಾಕು, ಯಾರಿಗೋ ಒಂದು ಗೋಲಿನ ಗೆಲುವು ಸಾಕು ಎಂಬ ಲೆಕ್ಕ ಶುರುವಾಗುತ್ತದೆ. 1982ರ ವಿಶ್ವಕಪ್ಪಿನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ 1–0 ಆದ ಮೇಲೆ ಸುಮ್ಮನೆ ಚೆಂಡು ದಾಟಿಸುತ್ತ ಕಾಲ ಕಳೆದು, ಹಿಂದಿನ ದಿನವೇ ತನ್ನ ಪಂದ್ಯ ಮುಗಿಸಿ ಕಾಯುತ್ತಿದ್ದ ಅಲ್ಜೀರಿಯಾವನ್ನು ಹೊರದಬ್ಬಿದವು. ಆಮೇಲಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಇಂಥ ಕುತಂತ್ರ ನಡೆಯುವುದಿಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ಮೇಷ್ಟ್ರುಗಳನ್ನು ನಾನು ಬಲ್ಲೆ. ನನ್ನನ್ನೂ ಬಲ್ಲೆ.

ನಾಕೌಟ್ ಅಂದರೆ ನನಗೆ ದ್ವೇಷ ಅಂತಲೂ ತಿಳಿಯಬೇಡಿ. ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ ನಾಕೌಟೇ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬ ಸೇರುವ ಜಾತ್ರೆಯಾಗಿದೆ. ಅಲ್ಲಿ ಎಪ್ಪತ್ತರ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ; ಮೊದಲ ಸುತ್ತಿನಲ್ಲಿ ಸೋತರೂ ನೆಂಟರಿಷ್ಟರ ಜೊತೆ ಊಟ ಮಾಡಿ ನಗುತ್ತ ಮನೆಗೆ ಹೋಗುತ್ತಾರೆ. ಅದು ಹಬ್ಬ, ಅಷ್ಟು ತಂಡಕ್ಕೆ ಬೇರೆ ದಾರಿಯೂ ಇಲ್ಲ. ಶಾಲೆಯ ಆಟದ ಉದ್ದೇಶ ಬೇರೆ. ಅಲ್ಲಿ ಹುಡುಗ ಕಲಿಯಬೇಕು. ಗಣಿತದಲ್ಲಿ ಮೊದಲ ಲೆಕ್ಕ ತಪ್ಪಿದವನಿಂದ ಪೇಪರ್ ಕಿತ್ತುಕೊಂಡು ಹೊರಗೆ ಕಳಿಸುತ್ತೇವೆಯೇ?

ಖರ್ಚಿನ ಮಾತು ಬಂದೇ ಬರುತ್ತದೆ. ಬರಲಿ. ಎಂಟು ತಂಡ ನಾಕೌಟ್ ಆಡಿದರೆ ಒಟ್ಟು ಏಳು ಪಂದ್ಯ. ನಾಲ್ಕು ತಂಡಕ್ಕೆ ಒಂದೊಂದೇ ಪಂದ್ಯ. ಅಂದರೆ ಬಸ್ ಚಾರ್ಜು, ಪಲಾವ್, ಜೆರ್ಸಿ, ಎರಡು ತಿಂಗಳ ಅಭ್ಯಾಸ ಎಲ್ಲ ಸೇರಿ ಮೂವತ್ತು ನಿಮಿಷಕ್ಕೆ. ಅದೇ ಎಂಟನ್ನು ನಾಲ್ಕರಂತೆ ಎರಡು ಗುಂಪು ಮಾಡಿದರೆ ಗುಂಪಿಗೆ ಆರು, ಒಟ್ಟು ಹನ್ನೆರಡು ಪಂದ್ಯ. ಗುಂಪಿನ ಮೊದಲಿಗರಿಬ್ಬರಿಗೆ ಫೈನಲ್, ಹದಿಮೂರು. ಕೊನೆಗೆ ಬಂದ ತಂಡಕ್ಕೂ ಮೂರು ಪಂದ್ಯ ಖಾತ್ರಿ. ಆಟವನ್ನು ಹನ್ನೆರಡು ಹನ್ನೆರಡು ನಿಮಿಷಕ್ಕೆ ಇಳಿಸಿ, ನಡುವೆ ಎರಡು ನಿಮಿಷ ಬಿಟ್ಟು, ಮುಂದಿನ ತಂಡ ಗೆರೆಯ ಪಕ್ಕ ತಯಾರಾಗಿ ನಿಂತಿದ್ದರೆ ಅರ್ಧ ಗಂಟೆಗೊಂದು ಪಂದ್ಯ ಮುಗಿಯುತ್ತದೆ. ಎರಡು ಅಂಕಣ ಇದ್ದರೆ ಗುಂಪಿನ ಪಂದ್ಯಗಳು ಮೂರು ಗಂಟೆಯ ಕೆಲಸ. ಒಂದು ಮೈದಾನವನ್ನೇ ಅಡ್ಡಲಾಗಿ ಎರಡು ಮಾಡಿ ಏಳೇಳು ಜನರನ್ನು ಆಡಿಸಿದರೂ ಸರಿ, ಚಿಕ್ಕ ಜಾಗದಲ್ಲಿ ಹುಡುಗರ ಕಾಲಿಗೆ ಚೆಂಡು ಹೆಚ್ಚು ಸಿಗುತ್ತದೆ. ಪಲಾವ್ ಅಷ್ಟೇ, ಬಸ್ ಅಷ್ಟೇ.

ರೆಫರಿ ಎಲ್ಲಿಂದ? ನಿಜ, ಇದೇ ದೊಡ್ಡ ತೊಡಕು. ಪಿ.ಟಿ. ಮೇಷ್ಟ್ರುಗಳೇ ಕಡಿಮೆ, ಇದ್ದವರಿಗೂ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಆದರೆ ಸೋತು ಬೇಲಿ ಪಕ್ಕ ಕೂರುವ ಹುಡುಗರಿಗೇ ಸೀಟಿ ಕೊಟ್ಟು ಲೈನ್ ನೋಡಿಕೊಳ್ಳಲು ಹೇಳಬಾರದೇಕೆ? ನಾನು ಶಾಲೆಯ ಒಳಗಿನ ಪಂದ್ಯಗಳಲ್ಲಿ ಹೀಗೆ ಮಾಡಿ ನೋಡಿದ್ದೇನೆ. ಆಫ್‌ಸೈಡ್ ಬಗ್ಗೆ ನನ್ನ ಜೊತೆ ದಿನಾ ಜಗಳ ಆಡುತ್ತಿದ್ದವನು ಒಂದು ಮಧ್ಯಾಹ್ನ ಬಾವುಟ ಹಿಡಿದ ಮೇಲೆ ಮತ್ತೆ ಬಾಯಿ ತೆಗೆಯಲಿಲ್ಲ.

ಮಳೆಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಕೊಡಗಿಗೂ ಕಡಲತೀರಕ್ಕೂ ಬೀದರಿಗೂ ಒಂದೇ ಆಗಸ್ಟಿನಲ್ಲಿ ಆಟ ಇಡುವವರು ಮಳೆ ನೋಡಿ ದಿನ ಇಟ್ಟವರಲ್ಲ, ಕ್ಯಾಲೆಂಡರ್ ನೋಡಿ ಇಟ್ಟವರು.

ಇರಾನ್ ಪಂದ್ಯ ಮುಗಿದ ರಾತ್ರಿಯೂ ಫೋನ್ ಬಂತು. ಪಿಕಪ್ಪನ್ನು ಹುಣಸೂರು ದಾಟಿ ರಸ್ತೆ ಬದಿಗೆ ನಿಲ್ಲಿಸಿ ಕೊನೆಯ ಇಪ್ಪತ್ತು ನಿಮಿಷ ನೋಡಿದನಂತೆ. ಗೆಲುವಿನ ಬಗ್ಗೆ ಒಂದೆರಡು ಮಾತಾಡಿ, "ಸಾರ್, ನನ್ನ ಮಗ ಈಗ ಒಂದನೇ ಕ್ಲಾಸು" ಅಂದ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ತಾಲ್ಲೂಕು ಕ್ರೀಡಾ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಕ್ರೀಡಾಕೂಟದ ಪೂರ್ವಭಾವಿ ಸಭೆಯಲ್ಲಿ ಚೀಟಿ ಮಡಚುವ ಮುಂಚೆ ಹತ್ತು ನಿಮಿಷ ಕೊಡಿ. ಎರಡು ಗುಂಪು, ಹದಿಮೂರು ಪಂದ್ಯದ ವೇಳಾಪಟ್ಟಿ ಬರೆದು ಇಟ್ಟಿದ್ದೇನೆ, ಬೆಳಿಗ್ಗೆ ಒಂಬತ್ತೂವರೆಗೆ ಶುರುವಾದರೆ ಊಟದ ವಿರಾಮ ಸೇರಿ ಎರಡೂವರೆಗೆ ಫೈನಲ್ ಮುಗಿಯುತ್ತದೆ. ನಾಲ್ಕೂವರೆ ಬಸ್ಸಿಗೆ ಇನ್ನೂ ಎರಡು ಗಂಟೆ ಉಳಿಯುತ್ತದೆ.